ಒಳಗೆ ಎಣಿಕೆ ನಡೆದಿದೆ

ಥಾಯ್ಲೆಂಡಿನ ಉಬೋನ್‌ನಲ್ಲಿ ಆ ವರ್ಷ ಎಂಥ ಚಳಿಯೆಂದರೆ, ಬೇಯಿಸದೆ ತಿನ್ನಲೆಂದು ಬಾಳೆಎಲೆಯಲ್ಲಿ ಬಿಗಿದಿಟ್ಟ ಹಸಿ ಹಂದಿಮಾಂಸ ಹುಳಿ ಬರಲೊಲ್ಲದು. ಮಾಂಸ ಹುಳಿ ಬರದಿದ್ದರೆ ಪ್ರಯೂನನ ಅತ್ತೆಯ ಮುಖ ಹುಳಿಯಾಗುತ್ತಿತ್ತು. ಅದಕ್ಕೇ ಅವನು ಅತ್ತೆ ಕೊಟ್ಟ ಕಟ್ಟುಗಳನ್ನು ಚೀಲದಲ್ಲಿ ಅಡಗಿಸಿ ತಂದು, ತಾನು ಗಾಜು ತೊಳೆಯುವ ಆಸ್ಪತ್ರೆಯ ಪ್ರಯೋಗಾಲಯದ ಬೆಚ್ಚನೆಯ ಪೆಟ್ಟಿಗೆಯ ಮೂಲೆಯಲ್ಲಿ ಇಟ್ಟುಬಿಟ್ಟ. ಆ ಪೆಟ್ಟಿಗೆ ಇದ್ದದ್ದು ರೋಗಿಗಳ ರಕ್ತದಿಂದ ತೆಗೆದ ಕ್ರಿಮಿಗಳನ್ನು ಬೆಳೆಸುವುದಕ್ಕೆ. ಅದರಲ್ಲಿ ತಿನ್ನುವ ಪದಾರ್ಥ ಇಟ್ಟವನ ಕೆಲಸ ಹೋಗುತ್ತದೆ ಎಂದು ಬಾಗಿಲ ಮೇಲೆಯೇ ಬರೆದಿತ್ತು.

ಹುಳಿ ಬಂದಿರಬೇಕು ಎನ್ನಿಸಿದ ಬೆಳಿಗ್ಗೆ, ಯಾರೂ ಬರುವ ಮೊದಲೇ ಕೈಗೆ ಸಿಕ್ಕ ಒಂದು ಕಟ್ಟನ್ನು ತೆಗೆದು, ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಅಂಟಕ್ಕಿ ಅನ್ನ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿಯ ಜೊತೆ ತಿಂದ. ಅತ್ತೆಯ ಕೈಗೆ ಇಂಥ ರುಚಿ ಎಂದೂ ಹತ್ತಿರಲಿಲ್ಲ. ಯಾವಾಗಲೂ ಬಿದಿರ ಸೀಳಿನಿಂದ ಕಟ್ಟುವವಳು ಇದಕ್ಕೆ ಕೆಂಪು ದಾರ ಕಟ್ಟಿದ್ದಳು. ಅಳಿಯನ ಮೇಲೆ ಕಡೆಗೂ ಅಕ್ಕರೆ ಬಂತಲ್ಲ ಎಂದುಕೊಂಡು ದಾರವನ್ನು ಜೋಪಾನವಾಗಿ ಜೇಬಿಗಿಳಿಸಿದ.

ಮತ್ತೆ ಪೆಟ್ಟಿಗೆ ತೆರೆದವನು ಹಿಂದಕ್ಕೆ ಹಾರಿದ. ಗಾಜಿನ ತಟ್ಟೆಯೊಂದರ ಮುಚ್ಚಳ ಸರಿದಿತ್ತು. ಉಳಿದ ಕಟ್ಟೊಂದು ಉರುಳಿ ಬಂದು, ತಟ್ಟೆಯೊಳಗಿನ ಕ್ರಿಮಿಗಳಿಗೆ ಕೆನ್ನೆ ಕೊಟ್ಟು ಮಲಗಿತ್ತು. ಗದ್ದೆಯ ಕೆಸರಿನಿಂದ ಬರುವ ಆ ಕ್ರಿಮಿ ಪ್ರತಿ ಮಳೆಗಾಲ ಎಂತೆಂಥ ಗಟ್ಟಿ ಆಳುಗಳನ್ನು ವಾರ್ಡಿನಿಂದಲೇ ಚಿತೆಗೆ ಕಳಿಸಿತ್ತೆಂದು ಅವನು ಕಣ್ಣಾರೆ ಕಂಡವನು. ತಾನು ತಿಂದ ಕಟ್ಟೂ ಇಲ್ಲೇ ಇತ್ತಲ್ಲ? ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ಜೀವ.

ಪ್ರಯೋಗಾಲಯದ ಡಾಕ್ಟರು ಸುಪಾನಿ ಬಂದ ಕೂಡಲೇ ಅವನು ಸುತ್ತುಬಳಸಿ ಕೇಳಿದ. "ಪಕ್ಕದ ಮನೆಯವನು ಕೇಳ್ತಿದ್ದ ಮೇಡಂ. ಆ ಕೆಸರಿನ ಕ್ರಿಮಿ ಹೊಟ್ಟೆಗೆ ಹೋದ್ರೆ ತಕ್ಷಣ ಗೊತ್ತಾಗತ್ತಾ ಅಂತ."

"ಎಲ್ಲಿ ಗೊತ್ತಾಗತ್ತೆ? ಸ್ವಲ್ಪ ಇರೋವಾಗ ಕಳ್ಳರ ಹಾಗೆ ಸುಮ್ನಿರ್ತವೆ. ಒಂದೊಂದೂ ಒಂಥರಾ ವಾಸನೆ ಬಿಡತ್ತೆ ಅನ್ಕೋ, ಅದೇ ಅವುಗಳ ಪಿಸುಮಾತು. ವಾಸನೆ ದಟ್ಟ ಆದ್ಮೇಲೆ, ಓ, ಸಾಕಷ್ಟು ಜನ ಸೇರಿದೀವಿ ಅಂತ ತಿಳ್ಕೊಂಡು ಒಟ್ಟಿಗೇ ಮೇಲೆ ಬೀಳ್ತವೆ. ಅಲ್ಲೀವರೆಗೂ ಮನುಷ್ಯ ಆರಾಮಾಗೇ ಇರ್ತಾನೆ."

ಪ್ರಯೂನ್ ಹಣೆ ಮುಟ್ಟಿ ನೋಡಿಕೊಂಡ. ಆರಾಮಾಗಿತ್ತು. ಹೊಟ್ಟೆ ಒತ್ತಿ ನೋಡಿದ. ಅದೂ ಆರಾಮಾಗಿತ್ತು. ಹಾಗಾದರೆ ಒಳಗೆ ಎಣಿಕೆ ನಡೆದಿದೆ.

ತಡೆಯಲಾರದೆ, ರಕ್ತದ ಶೀಶೆಗಳಿಗೆ ಚೀಟಿ ಅಂಟಿಸುವ ಲಮ್ಯೈ ಅಕ್ಕನ ಹತ್ತಿರ ಗುಟ್ಟು ಹೇಳಿದ. ಪಡಸಾಲೆಯಲ್ಲಿ ಮೊದಲು ಇಬ್ಬರು ಪಿಸುಗುಟ್ಟಿದರು, ಆಮೇಲೆ ನಾಲ್ವರು. ಸಾಕಷ್ಟು ಜನ ಆದದ್ದೇ ತಡ, ಎಲ್ಲರೂ ಒಟ್ಟಿಗೇ ಬಂದು ಅವನನ್ನು ಮುತ್ತಿದರು. ಅಡುಗೆಮನೆಯವಳು ಸೀಬೆ ಎಲೆ ಅರೆದು ಕುಡಿಸಿದಳು. ಆಂಬುಲೆನ್ಸ್ ಚಾಲಕ, ಅಂತ್ಯಕ್ರಿಯೆಗೆ ಯಾವ ಮಠದ ಭಿಕ್ಕುಗಳನ್ನು ಕರೆಯೋಣ ಎಂದು ಮೆಲ್ಲಗೆ ಕೇಳಿದ. ಹೇಗಿದ್ದೀಯ ಎಂದು ಒಬ್ಬೊಬ್ಬರೂ ವಿಚಾರಿಸುವರು. ಚೆನ್ನಾಗಿದ್ದೇನೆ ಎಂದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಟ್ಟುಸಿರಿಡುವರು.

"ಹೆದರಿಕೆಗೆ ನಿನ್ನ ಮೈಯಲ್ಲಿದ್ದ ಮೂವತ್ತೆರಡು ಆತ್ಮನೂ ದಿಕ್ಕಾಪಾಲಾಗಿವೆ ಕಣೋ. ವಾಪಸ್ ಕರೆದು ನೂಲಿಂದ ಕೈಗೆ ಕಟ್ಟಿಬಿಡ್ತೀನಿ" ಎಂದಳು ಲಮ್ಯೈ ಅಕ್ಕ. ಬಿಳಿ ನೂಲಿಗಾಗಿ ಎಲ್ಲ ಕಡೆ ತಡಕಾಡಿದರೂ ಸಿಗಲಿಲ್ಲ. ಕೊನೆಗೆ ಪ್ರಯೂನನ ಜೇಬಿನಿಂದ ಇಣುಕುತ್ತಿದ್ದ ಕೆಂಪು ದಾರವನ್ನೇ ಕಿತ್ತುಕೊಂಡು ಅವನ ಮಣಿಕಟ್ಟಿಗೆ ಸುತ್ತುತ್ತ ರಾಗ ತೆಗೆದಳು. ಕಾಡಿಗೆ ಹೋದೋರೆಲ್ಲ ಬನ್ನಿ, ಗದ್ದೆಗೆ ಹೋದೋರೆಲ್ಲ ಬನ್ನಿ, ಈ ಮೈಯೇ ನಿಮ್ಮ ಮನೆ.

ಪ್ರಯೂನ್ ಅವಳ ಬಾಯಿಗೆ ಅಡ್ಡ ಕೈ ಹಿಡಿದ. "ಗದ್ದೆ ಅನ್ಬೇಡಕ್ಕ, ಕೈ ಮುಗೀತೀನಿ. ಒಳಗಿರೋವು ತಮ್ಮನ್ನೇ ಕರೀತಿದಾರೆ ಅಂದ್ಕೊಂಡ್‌ಬಿಡ್ತವೆ."

ಗಲಾಟೆಗೆ ಡಾಕ್ಟರು ಬಾಗಿಲಿಗೆ ಬಂದರು. ಪ್ರಯೂನ್ ಮಂಡಿಯೂರಿ, ಅತ್ತೆಯ ಕಟ್ಟು, ಸರಿದ ಮುಚ್ಚಳ, ತಾನು ತಿಂದದ್ದು ಎಲ್ಲವನ್ನೂ ಒಪ್ಪಿಕೊಂಡ. ಕೆಲಸ ಹೋದರೆ ಹೋಗಲಿ, ಜೀವ ಉಳಿಸಿ ಎಂದು ಗೋಗರೆದ. ಅವರು ಗಾಬರಿಯಿಂದ ಓಡಿಹೋಗಿ ಆ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. ನೋಡುನೋಡುತ್ತ ನಗು ಬಂತು.

"ಇಲ್ನೋಡೋ ಹೆದರುಪುಕ್ಕ. ಎಲೆ ತಾಗಿದ ಕಡೆಯೆಲ್ಲ ಕ್ರಿಮಿ ಸತ್ತು ಬಯಲಾಗಿದೆ. ಹುಳಿ ಬರಿಸೋ ಜೀವಿಗಳು ಅಷ್ಟು ಸುಲಭಕ್ಕೆ ಪಕ್ಕದವರನ್ನ ಬಾಳಕ್ಕೆ ಬಿಡಲ್ಲ, ಹುಳಿ ಉಗಿದು ಸಾಯಿಸ್ತವೆ. ನಿಮ್ಮತ್ತೆ ಕಟ್ಟು ಗೆದ್ದಿದೆ. ನೀನು ತಿಂದಿದ್ದಂತೂ ತಟ್ಟೆಗೆ ತಾಗೇ ಇಲ್ಲ. ಹೋಗು, ಕೆಲಸ ನೋಡು."

ಪ್ರಯೂನನಿಗೆ ಹೋದ ಉಸಿರು ಬಂತು. ಅತ್ತೆಯಿದ್ದ ದಿಕ್ಕಿಗೆ ತಿರುಗಿ ಕೈ ಮುಗಿದ.

ಡಾಕ್ಟರಿಗೂ ಹುರುಪು ಬಂದಿತ್ತು. "ನಾನೂ ಇದನ್ನೇ ನೋಡ್ಬೇಕು ಅಂತಿದ್ದೆ. ಸಂತೆಯಿಂದ ಒಳ್ಳೆ ಕಟ್ಟೊಂದು ತಂದು, ಅದರೊಳಕ್ಕೇ ಕ್ರಿಮಿ ಚುಚ್ಚಿ ಇಟ್ಟಿದೀನಿ. ನಾಳೆ ಬಿಚ್ಚಿದ್ರೆ ಒಳಗೆ ಯಾರು ಗೆದ್ರು ಅಂತ ಗೊತ್ತಾಗತ್ತೆ. ಯಾರೂ ಮುಟ್ಟದೇ ಇರಲಿ ಅಂತ ಕೆಂಪು ದಾರ..."

ಮಾತು ಅಲ್ಲಿಗೇ ನಿಂತಿತು. ಅವರ ಕಣ್ಣು, ಪ್ರಯೂನನ ಮುಗಿದ ಕೈಗಳ ಮಣಿಕಟ್ಟಿನ ಮೇಲಿತ್ತು.

"ಹೇಗಿದೀಯ ಪ್ರಯೂನ್?" ಎಂದು ಬಹಳ ಮೃದುವಾಗಿ ಕೇಳಿದರು.

"ತುಂಬಾ ಚೆನ್ನಾಗಿದೀನಿ ಮೇಡಂ" ಎಂದು ಪ್ರಯೂನ್ ಅಳತೊಡಗಿದ.

ಲಮ್ಯೈ ಅಕ್ಕ ಅವನ ಕೈ ಹಿಡಿದು ಮತ್ತೆ ಆತ್ಮಗಳನ್ನು ಕರೆಯತೊಡಗಿದಳು. ಈ ಸಲ, ಒಳಗಿದ್ದವರಿಗೆ ಕೇಳಿಸದ ಹಾಗೆ, ಪಿಸುಮಾತಿನಲ್ಲಿ.