ಚಿದಾನಂದನ ನಾಲ್ಕು ಉಗುರು

ಗಿರಿಮಲ್ಲಪ್ಪಜ್ಜ ಶಿವನ ಪಾದ ಸೇರಿದ ಸುದ್ದಿ ಓಣಿಗೆ ಗೊತ್ತಾದ ಹೊತ್ತಿನಲ್ಲಿ ಚಿದಾನಂದ ತನ್ನ ಬಲಗೈಯ ಉಗುರುಗಳಿಗೆ ಪಾಲಿಶ್ ಕಾಗದ ತಿಕ್ಕುತ್ತ ಕುಳಿತಿದ್ದ. ಪವರ್‌ಲೂಮುಗಳ ಸದ್ದು ಒಂದೊಂದಾಗಿ ನಿಂತಿತು. ರಬಕವಿಯ ಆ ಓಣಿಯಲ್ಲಿ ಹಾಡುಹಗಲೇ ಮಗ್ಗ ನಿಂತಿತೆಂದರೆ ಒಂದೋ ಕರೆಂಟು ಹೋಗಿರಬೇಕು, ಇಲ್ಲವೇ ಯಾರಾದರೂ ಹೋಗಿರಬೇಕು. ಚಿದಾನಂದ ತಲೆಯೆತ್ತಿ ನೋಡಿದ. ಫ್ಯಾನು ತಿರುಗುತ್ತಲೇ ಇತ್ತು.

ಎದುರು ಮನೆಯಿಂದ ಅಜ್ಜನ ಹೆಂಡತಿ ಸಾವಿತ್ರೆವ್ವನ ಅಳು ಕೇಳಿಸಿತು. ಚಿದಾನಂದನ ಕಣ್ಣು ತುಂಬಿ ಬಂತು. ಸಣ್ಣವನಿದ್ದಾಗ ಅವನನ್ನು ಹೆಗಲ ಮೇಲೆ ಕೂಡಿಸಿಕೊಂಡು ಹೊಳೆ ತೋರಿಸಿದ ಅಜ್ಜ ಆತ. ಆದರೆ ಕಣ್ಣೊರೆಸಿಕೊಳ್ಳಲು ಬಲಗೈ ಎತ್ತಿದೊಡನೆ ಉಗುರು ಕಂಡವು, ಕೈಯನ್ನು ಹಾಗೆಯೇ ಇಳಿಸಿದ.

ಚಿದಾನಂದ ಹುನ್ನೂರಿನ ಶಾಲೆಯೊಂದರಲ್ಲಿ ಗುಮಾಸ್ತ. ಒಂದು ವರ್ಷದಿಂದ ಜಮಖಂಡಿಯ ಜ್ಞಾನೇಶ್ವರ ಮಾಸ್ತರರಲ್ಲಿ ಗಿಟಾರ್ ಕಲಿಯುತ್ತಿದ್ದ. ಸಿನೆಮಾದಲ್ಲಿ ಕುಣಿಯುತ್ತ ಬಾರಿಸುವ ಗಿಟಾರ್ ಅಲ್ಲ, ಶಾಸ್ತ್ರೀಯ ಗಿಟಾರ್. ಎಡಗಾಲನ್ನು ಮಣೆಯ ಮೇಲಿಟ್ಟು, ವಾದ್ಯವನ್ನು ಎಡತೊಡೆಗೆ ಒರಗಿಸಿ, ಕನ್ಯೆ ನೋಡಲು ಹೋದವನಂತೆ ಬೆನ್ನು ನೆಟ್ಟಗೆ ಮಾಡಿ ಕೂಡಬೇಕು. ಎಡಗೈಯ ಹೆಬ್ಬೆರಳು ಗಿಟಾರಿನ ಕುತ್ತಿಗೆಯ ಹಿಂದೆ, ಉಳಿದ ಬೆರಳು ಮುಂದೆ ತಂತಿಯ ಮೇಲೆ, ಕುತ್ತಿಗೆಯ ಪಟ್ಟಿಗಳ ನಡುವಿನ ಒಂದೊಂದು ಮನೆಗೆ ಒಂದೊಂದು. ಬಲಗೈ ಲಿಂಬೆಹಣ್ಣು ಹಿಡಿದಂತೆ ಬಾಗಿರಬೇಕು. ಅದರ ಕಿರುಬೆರಳು ಬಿಟ್ಟು ಉಳಿದ ನಾಲ್ಕು ಬೆರಳಿಗೆ, ತಂತಿ ಮೀಟಲು, ಉಗುರು ಬೆಳೆದಿರಬೇಕು. ಈ ವರ್ಷದಲ್ಲಿ ಮಾಸ್ತರರು ಒಂದು ಹಾಡಿನ ಹೆಸರನ್ನೂ ಎತ್ತಿರಲಿಲ್ಲ. ಬರೀ ಆರೋಹ, ಅವರೋಹ, ಮತ್ತೆ ಆರೋಹ. ಚಿದಾನಂದನ ಗಿಟಾರ್ ಕೇಳಿ ಕೇಳಿ ಓಣಿಯ ಗಿಣಿಯೊಂದು ಸ್ವರ ಏರಿಸಿ ಇಳಿಸುವುದನ್ನು ಕಲಿತಿತ್ತು. ಅದೂ ಹಾಡು ಹೇಳುತ್ತಿರಲಿಲ್ಲ.

ಕೊನೆಗೆ ಮಾಸ್ತರರೇ ಹೇಳಿದ್ದರು: "ಐತವಾರ ಸಂಜಿಕ ಬಾ. ಕೈ ಕುಂತಿದ್ರ ಮೊದಲನೇ ಹಾಡ ಹೇಳಿಕೊಡತೀನಿ. ಸೋಮವಾರ ನಾ ಪುಣೆಕ ಮಗಳ ಕಡೆ ಹೋದ್ರ ತಿರುಗಿ ಬರೂದು ದೀಪಾವಳಿಗೆ."

ಆ ಐತವಾರವೇ ಇದು.

"ಏಳ್ರಿ, ಎದುರ ಮನಿಯಾಗ ಹೆಣಾ ಇಟಗೊಂಡ ಉಗುರ ತಿಕ್ಕೋತ ಕೂಡ್ತಾರೇನು?" ಎಂದು ಹೆಂಡತಿ ರಾಜಶ್ರೀ ಗದರಿಸಿದಳು.

"ಉಗುರ ಮುರದ್ರ ನನ್ನ ವರ್ಷಾ ಹೋತಲ್ಲ!"

"ಮುರದ್ರ ಮತ್ತ ಬೆಳೀತಾವ. ಅಜ್ಜ ಮತ್ತ ಬರತಾನೇನು? ಲಗ್ನದಾಗ ನನ್ನ ಕೈನೂ ಇಷ್ಟ ಜ್ವಾಕಿಲೆ ಹಿಡಿದಿದ್ದಿಲ್ಲ ನೀವು."

ಚಿದಾನಂದ ಎದ್ದ. ಏಳುವಾಗಲೇ ಮನಸ್ಸಿನಲ್ಲಿ ಒಂದು ನಿರ್ಧಾರ ಮಾಡಿದ. ಈ ದಿನದ ಕೆಲಸವೆಲ್ಲ ಎಡಗೈಗೆ, ಬಲಗೈಗೆ ರಜೆ.

ಎದುರು ಮನೆಯ ಹೊಸ್ತಿಲು ದಾಟುತ್ತಿದ್ದಂತೆ ಸಾವಿತ್ರೆವ್ವ "ನಿಮ್ಮಜ್ಜ ಹೋದನಲ್ಲೋ ಯಪ್ಪಾ" ಎಂದು ಅವನ ಬಲಗೈಯನ್ನೇ ಗಟ್ಟಿಯಾಗಿ ಹಿಡಿದಳು. ಚಿದಾನಂದ ಅತ್ತ. ಅರ್ಧ ಅಜ್ಜನಿಗಾಗಿ, ಅರ್ಧ ತೋರುಬೆರಳಿಗಾಗಿ. ಹೇಗೋ ಎಡಗೈಯನ್ನು ನಡುವೆ ತೂರಿಸಿ ಬಲಗೈಯನ್ನು ಬಿಡಿಸಿಕೊಂಡ. ನೋಡಿದರೆ ನಾಲ್ಕೂ ಉಗುರು ನೆಟ್ಟಗಿದ್ದವು.

ಪಕ್ಕದಲ್ಲಿ ಕುಳಿತಿದ್ದ ಲಕ್ಷ್ಮವ್ವ ಅದನ್ನು ಕಂಡಳು. "ಒಂದ ಕೈಗೆ ಉಗುರ ಬಿಟ್ಟೀದಿ, ಒಂದ ಕೈದು ತಗದೀದಿ. ಯಾವ ದೇವರ ಹರಕಿಯೋ ತಮ್ಮಾ?"

"ಹರಕಿ ಅಲ್ಲ ಚಿಗವ್ವ, ಗಿಟಾರದ ಸಲುವಾಗಿ."

"ಎಲ್ಲಿ ಬರತೈತಿ ಆ ಗುಡಿ? ಬೀಳಗಿ ಕಡೆನೋ, ಮುಧೋಳ ಕಡೆನೋ?"

ಅಷ್ಟರಲ್ಲಿ ಅಜ್ಜನನ್ನು ಮೀಯಿಸಿ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂಡಿಸಿದ್ದರು. ಭಜನೆ ನಡೆದಿತ್ತು. ಒಬ್ಬೊಬ್ಬರಾಗಿ ಹೋಗಿ ಪತ್ರಿ ಏರಿಸತೊಡಗಿದರು. ಚಿದಾನಂದನ ಸರದಿ ಬಂತು. ಬುಟ್ಟಿಯ ತುಂಬ ಬಿಲ್ವಪತ್ರಿಯ ಕಡ್ಡಿ, ಮುಳ್ಳು. ಅವನು ಎಡಗೈಯಿಂದಲೇ ಪತ್ರಿ ಎತ್ತಿ ಏರಿಸಿದ.

"ಏ ಚಿದಾನಂದ!"

ಭಜನೆ ನಿಂತಿತು. ಕೂಗಿದವನು ಹಣಮಪ್ಪ. ಓಣಿಯ ಲಗ್ನಕ್ಕೂ ಸಾವಿಗೂ ತಾನೇ ಮುಕಾದಮನೆಂದು ತಿಳಿದವನು. "ಎಡಗೈಲೆ ಪತ್ರಿ ಏರಸ್ತಿಯೇನಲೇ? ಹಿರಿ ಜೀವಕ್ಕ ಇದೇನ ಮರ್ಯಾದಿ?"

ಎಲ್ಲರ ಕಣ್ಣೂ ಚಿದಾನಂದನ ಮೇಲೆ ಬಿದ್ದವು. ಆದರೆ ಉಗುರಿನ ಭಯ ಮನುಷ್ಯನಿಗೆ ಎಲ್ಲಿಲ್ಲದ ಬುದ್ಧಿ ಕೊಡುತ್ತದೆ.

"ಕಾಕಾ, ಪೂಜಿ ಮಾಡೂವಾಗ ಲಿಂಗಾ ಯಾವ ಕೈಯಾಗ ಇಟಗೋತೀರಿ ನೀವು?"

"ಎಡಗೈಯಾಗ."

"ದೇವರು ಕೂಡೂ ಕೈ, ಅಜ್ಜಗ ನಡಿಯೂದಿಲ್ಲೇನ್ರಿ?"

ಹಣಮಪ್ಪ ನ್ಯಾಯ ಕೇಳುವವನಂತೆ ಸುತ್ತಲೂ ನೋಡಿದ. ಮೂಲೆಯಲ್ಲಿದ್ದ ಮಠದ ಅಯ್ಯನವರು ತಲೆದೂಗಿ, "ಹುಡುಗ ಖರೆ ಅಂದ ಬಿಡ್ರಿ" ಎಂದರು. ಭಜನೆ ಮತ್ತೆ ಮೊದಲಾಯಿತು. ಚಿದಾನಂದ ಒಳಗೊಳಗೇ ಬೀಗಿದ.

ಬೀಗಿದ್ದೇ ತಪ್ಪಾಯಿತು. ಹಣಮಪ್ಪ ಸೋತು ಸುಮ್ಮನಾಗುವ ಜಾತಿಯವನಲ್ಲ. ಹೊರಗೆ ಅಂಗಳದಲ್ಲಿ, ಅಜ್ಜನನ್ನು ಕೂಡಿಸಿಕೊಂಡು ಹೋಗುವ ವಿಮಾನ ಕಟ್ಟುತ್ತಿದ್ದರು. ಬಿದಿರಿನ ಚೌಕಟ್ಟು, ಬಾಳೆಕಂಬ, ಸುತ್ತಲೂ ಇಳಕಲ್ಲ ಸೀರೆ. ಹಣಮಪ್ಪ ನೀರಿನಲ್ಲಿ ನೆನೆಸಿದ ನಾರಿನ ಹಗ್ಗದ ತುದಿಯನ್ನು ಚಿದಾನಂದನ ಮುಂದೆ ಚಾಚಿದ.

"ಬಾರಪಾ, ಆ ದೇವರ ಕೈಲೇನ ಇದನ್ನಷ್ಟ ಜಗ್ಗು."

ಚಿದಾನಂದ ಜಗ್ಗಿದ. "ಇನ್ನಷ್ಟು ಬಿಗಿ!" ಬಿಗಿದ. ಹಗ್ಗ ಜಾರಿತು, ಹಿಡಿದ, ಮತ್ತೆ ಜಾರಿತು. ಬಲಗೈಯನ್ನು ಮಾತ್ರ ಅಂಗಿಯ ಗುಂಡಿಗಳ ನಡುವೆ ತೂರಿಸಿ ಹೊಟ್ಟೆಯ ಮೇಲೆ ಇಟ್ಟುಕೊಂಡಿದ್ದ. ದೂರದಿಂದ ನೋಡಿದವರು, ಪಾಪ, ದುಃಖಕ್ಕೆ ಹೊಟ್ಟೆಯೊಳಗೆ ಸಂಕಟವಾಗಿದೆ ಎಂದುಕೊಂಡರು.

ವಿಮಾನ ಹೊರುವಾಗ ಸಿಬಿರೆದ್ದ ಬಿದಿರನ್ನು ಎಡಗೈಯಿಂದಲೇ ಹಿಡಿದ. ಹೊಳೆಯ ದಂಡೆಯ ರುದ್ರಭೂಮಿಯಲ್ಲಿ ಎಲ್ಲರೂ ಕುಣಿಗೆ ಮಣ್ಣೆಳೆಯುವಾಗ ಎಡಗೈಯೊಂದರಿಂದಲೇ ಸಲಿಕೆ ಎಳೆದ. "ಬಲಗೈಗೆ ಏನಾಗೇತಲೇ ಧಾಡಿ?" ಎಂದು ಹಣಮಪ್ಪ ಕೇಳಿದರೆ, "ದೇವರ ಕೈ ಇರೂವಾಗ ಅದ್ಯಾಕ ಬೇಕ್ರಿ ಕಾಕಾ" ಎಂದ. ಹೊಳೆಯಲ್ಲಿ ಮುಳುಗೆದ್ದಾಗ ಎಡಗೈ ಚುರುಚುರು ಅಂದಿತು. ಅದರ ಚಿಂತೆ ಅವನಿಗೇಕೆ? ಆ ಕೈಯಲ್ಲಿ ಉಗುರೇ ಇರಲಿಲ್ಲ. ಬಲಗೈಯನ್ನು ಬಿಸಿಲಿಗೆ ಹಿಡಿದು ನೋಡಿದ. ನಾಲ್ಕೂ ಉಗುರು ಹೊಸ ರೂಪಾಯಿಯಂತೆ ಹೊಳೆದವು.

ಜಮಖಂಡಿಯ ಬಸ್ಸಿನಲ್ಲಿ ಗಿಟಾರನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು, ಬಲಗೈಯನ್ನು ಕಿಟಕಿಯಿಂದಲೂ ಜನರಿಂದಲೂ ದೂರವಿಟ್ಟು ಕುಳಿತ. ಮಾಸ್ತರರ ಮನೆ ಮುಟ್ಟಿದಾಗ ಹೊತ್ತು ಇಳಿದಿತ್ತು. ಪಡಸಾಲೆಯಲ್ಲಿ ಪುಣೆಯ ಟ್ರಂಕು ಆಗಲೇ ಕಟ್ಟಿ ಕುಳಿತಿತ್ತು.

"ಯಾಕೋ ಇಷ್ಟ ತಡಾ?"

ಚಿದಾನಂದ ಬಲಗೈಯನ್ನು ಮುಂದೆ ಚಾಚಿದ. ಮಾಸ್ತರರು ಕನ್ನಡಕ ಏರಿಸಿ ಒಂದೊಂದೇ ಬೆರಳನ್ನು ನೋಡಿದರು.

"ಭಾಳ ಛಲೋ ಕಾಯ್ದೀದಿ. ಇಂಥಾ ಉಗುರ ನನಗೂ ಬಂದಿಲ್ಲ."

ಚಿದಾನಂದನಿಗೆ ಅಂದಿನ ದಣಿವೆಲ್ಲ ಇಳಿದುಹೋಯಿತು.

"ಆದ್ರ ಇವತ್ತ ಅವಕ್ಕೇನ ಕೆಲಸಿಲ್ಲ. ಬಲಗೈ ಕುಂತೈತಿ ಅನ್ನೂದು ನನಗ ಗೊತ್ತೈತಿ. ಎಡಗೈದ ಸಂಶೇ. ತಂತಿ ನಾ ಮೀಟತೀನಿ, ನೀ ಬರೇ ಒತ್ತು."

ಚಿದಾನಂದ ಮಣೆಯ ಮೇಲೆ ಕಾಲಿಟ್ಟು, ಬೆನ್ನು ನೆಟ್ಟಗೆ ಮಾಡಿ, ಎಡಗೈ ತೆರೆದ. ಮುಂಜಾನೆಯಿಂದ ಮೊದಲ ಸಲ ಆ ಕೈಯ ಮೇಲೆ ಅವನ ಕಣ್ಣು ಬಿತ್ತು. ತಂತಿ ಒತ್ತಿ ಒತ್ತಿ ವರ್ಷವಿಡೀ ಗಟ್ಟಿಯಾಗಿದ್ದ ಬೆರಳತುದಿಯ ಚರ್ಮ, ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯಂತೆ ಎದ್ದುಹೋಗಿತ್ತು. ಆದರೂ ಹಲ್ಲು ಕಚ್ಚಿ ಒತ್ತಿದ. ಮಾಸ್ತರರು ಮೀಟಿದರು. ತಂತಿ "ಠಪ್" ಎಂದಿತು. ಚಿದಾನಂದ "ಯವ್ವಾ" ಎಂದ. ಅವೆರಡರಲ್ಲಿ ಶ್ರುತಿಗೆ ಹತ್ತಿರವಾಗಿದ್ದುದು ಎರಡನೆಯದು.

"ಇದರ ಚರ್ಮಾ ಎಲ್ಲಿ ಹೋತೋ?"

"ನಮ್ಮ ಅಜ್ಜನ ಸಂಗಾಟ ಹೋತ್ರಿ, ಮಾಸ್ತರ" ಎಂದು ಚಿದಾನಂದ ಹಗ್ಗದಿಂದ ಹೊಳೆಯವರೆಗಿನ ಕಥೆಯನ್ನೆಲ್ಲ ಹೇಳಿದ.

ಮಾಸ್ತರರಿಗೆ ನಗು ಬಂತು, ತಡೆದುಕೊಂಡರು. "ದೀಪಾವಳಿಗೆ ನೋಡೂಣು. ಹೊಸಾ ಚರ್ಮಾ ಬಂದ ಮ್ಯಾಲೆ ಮತ್ತ ಮೊದಲಿಂದ ಆರೋಹ ಅವರೋಹ" ಎಂದು ಗಿಟಾರನ್ನು ತೆಗೆದು ಗೋಡೆಗೆ ಒರಗಿಸಿದರು. ಆಮೇಲೆ ತಲೆಯ ಟೊಪ್ಪಿಗೆ ಇಳಿಸಿ, ದೇವರ ಜಗುಲಿಯ ಕಡೆ ತಿರುಗಿ ನಿಂತರು. "ಬಾ, ಹಿರಿ ಜೀವಕ್ಕ ಒಂದ ಕೈ ಮುಗಿಯೂಣು."

ಅಂದು ಮೊದಲ ಸಲ ಚಿದಾನಂದನ ಎರಡೂ ಕೈ ಒಂದುಗೂಡಿದವು. ಎಡಗೈ ಉರಿಯಿತು, ಬಲಗೈಯ ಉಗುರು ಆ ಉರಿಗೆ ಚುಚ್ಚಿದವು. ಅವನು ಕಣ್ಣು ಮುಚ್ಚಿ ಬೇಡಿಕೊಂಡ.

"ಶಿವನೇ, ನಮ್ಮ ಗಿರಿಮಲ್ಲಪ್ಪಜ್ಜ ಹುಟ್ಟಿದಾಗಿಂದ ಮಗ್ಗದ ಮುಂದ ಕುಂತ ನೇಯ್ದಾಂವ. ಹೋಗೂವಾಗೂ ಕುಂತ ಹೋದ. ನಿನ್ನ ಕಡೆ ಬಂದ ಮ್ಯಾಲೆರ ಕಾಲ ಚಾಚಿ ಆರಾಮ ಇರಲಿ. ಅವನ ಜೀವಕ್ಕ ಶಾಂತಿ ಕೊಡಪಾ ತಂದೆ."