ಅತ್ತೆಯ ಕಾರಿನ ಹಳದಿ ದೀಪ

ಟೈರಿನಂಗಡಿಯಿಂದ ಹೊರಟು ಎರಡು ಸಿಗ್ನಲ್ ದಾಟುವಷ್ಟರಲ್ಲಿ ಆ ದೀಪ ಎಲಾದಿಯೊನ ಕಣ್ಣಿಗೆ ಬಿತ್ತು. ಸ್ಟಿಯರಿಂಗಿನ ಹಿಂದೆ, ಮೀಟರುಗಳ ಗಾಜಿನ ಎಡಮೂಲೆಯಲ್ಲಿ, ಕುದುರೆಲಾಳದ ಆಕಾರದ ಹಳದಿ ಗುರುತು. ನಾಲ್ಕೂ ಟೈರು ಹೊಸದು, ರಬ್ಬರಿನ ವಾಸನೆಯೇ ಇನ್ನೂ ಹೋಗಿಲ್ಲ. ಆದರೂ ಟೈರಿನಲ್ಲಿ ಗಾಳಿ ಸರಿಯಿಲ್ಲ ಎಂದು ಕಾರು ದೂರು ಹೇಳುತ್ತಿದೆ. ಬೇರೆ ಯಾರದೇ ಕಾರಾಗಿದ್ದರೂ ಅವನು ಶಿಳ್ಳೆ ಹಾಕುತ್ತ ಮನೆಗೆ ಹೋಗುತ್ತಿದ್ದ. ಆದರೆ ಇದು ಅತ್ತೆಯ ಕಾರು, ಮತ್ತು ಅತ್ತೆ ಇವತ್ತು ಮಧ್ಯಾಹ್ನದ ವಿಮಾನಕ್ಕೆ ಬರುವವಳಿದ್ದಳು.

ಅತ್ತೆ ಪ್ರೊವಿಡೆನ್ಸಿಯಾ ತನ್ನ ತಂಗಿಯ ಕಣ್ಣಿನ ಆಪರೇಷನ್ನಿಗೆಂದು ಮಗಳನ್ನು, ಅಂದರೆ ಎಲಾದಿಯೊನ ಹೆಂಡತಿ ಯಾದಿರಾಳನ್ನು, ಕರೆದುಕೊಂಡು ಒರ್ಲ್ಯಾಂಡೊಗೆ ಹೋಗಿದ್ದಳು. ಹೊರಡುವ ಮುನ್ನ ಕಾರಿನ ಕೀಲಿಯನ್ನು ಅಳಿಯನ ಅಂಗೈಯಲ್ಲಿಟ್ಟು, ಮುಷ್ಟಿಯನ್ನು ತಾನೇ ಮುಚ್ಚಿ ಹೇಳಿದ್ದಳು: "ನೋಡಿ ಅಳಿಯಂದ್ರೇ, ನಂಗಿನ್ನು ಗಾಡಿ ಓಡ್ಸೋಕಾಗಲ್ಲ, ಕಣ್ಣು ಮಂಜು. ಇದನ್ನ ನಿಮ್ಮ ಹೆಸರಿಗೆ ಮಾಡ್ಬೇಕೋ, ನನ್ನ ಮಗ ಎಡ್ಗಾರ್ಡೊ ಹೆಸರಿಗೆ ಮಾಡ್ಬೇಕೋ, ವಾಪಸ್ ಬಂದ್ಮೇಲೆ ಹೇಳ್ತೀನಿ. ಅಲ್ಲೀವರ್ಗೂ ಚರ್ಚು, ಸೂಪರ್‌ಮಾರ್ಕೆಟ್ಟು, ಅಷ್ಟೇ. ಬೇರೆಲ್ಲೂ ಹೋಗ್ಕೂಡ್ದು."

ಎಲಾದಿಯೊಗೆ ಆ ಕಾರು ಬೇಕೇ ಬೇಕಿತ್ತು. ಅವನ ಸ್ವಂತ ಕಾರು ಹೋದ ವರ್ಷವೇ ಪ್ರಾಣ ಬಿಟ್ಟಿತ್ತು. ನಮ್ಮ ದ್ವೀಪದ ಈ ಕಾಗ್ವಾಸ್ ಪೇಟೆಯಲ್ಲಿ ಕಾರಿಲ್ಲದವನ ಪಾಡು ಯಾರಿಗೂ ಬೇಡ. ಬಾರದ ಬಸ್ಸಿಗೆ ಬಿಸಿಲಲ್ಲಿ ಕಾದು, ಹಾರ್ಡ್‌ವೇರ್ ಅಂಗಡಿಯ ಕೆಲಸಕ್ಕೆ ದಿನವೂ ತಡವಾಗಿ ಹೋಗಿ, ಮಾಲೀಕನಿಂದ ದಿನವೂ ಬೈಸಿಕೊಂಡು ಅವನು ಸಾಕಾಗಿ ಹೋಗಿದ್ದ. ಪೋನ್ಸೆಯಲ್ಲಿರುವ ಎಡ್ಗಾರ್ಡೊಗಾದರೋ ಆಗಲೇ ಎರಡು ಕಾರಿದ್ದವು.

ಅದಕ್ಕೇ ಅವನು ಚರ್ಚಿಗೆ ಹೋದ, ಸೂಪರ್‌ಮಾರ್ಕೆಟ್ಟಿಗೆ ಹೋದ, ಬೇರೆಲ್ಲೂ ಹೋಗಲಿಲ್ಲ. ನಿನ್ನೆಯವರೆಗೆ. ನಿನ್ನೆ ಸಂಜೆ ಗ್ವಾವಾತೆ ಬೆಟ್ಟದ ಮೇಲೆ ಕೆಂಡದಲ್ಲಿ ತಿರುಗುವ ಇಡೀ ಹಂದಿ, ಅದರ ಗರಿಗರಿ ಚರ್ಮ ನೆನಪಾಗಿ ಬಾಯಲ್ಲಿ ನೀರೂರಿತು. ಹೆಂಡತಿ ಊರಲ್ಲಿಲ್ಲ, ಅತ್ತೆ ಊರಲ್ಲಿಲ್ಲ. ಹೋದ, ಹೊಟ್ಟೆ ಬಿರಿಯೆ ತಿಂದ. ಇಳಿದು ಬರುವಾಗ ತಿರುವಿನಲ್ಲಿ ಒಂದು ಗುಂಡಿ. ನಮ್ಮ ದ್ವೀಪದಲ್ಲಿ ಗುಂಡಿಗಳಿಗೆ ಬರವಿಲ್ಲ, ಆದರೆ ಇದರಲ್ಲಿ ಒಂದು ಎಮ್ಮೆ ಕಾಲು ಚಾಚಿ ಮಲಗಬಹುದಿತ್ತು. ಬಲಗಡೆಯ ಎರಡೂ ಟೈರು ಸಿಡಿದವು. ಎಂಜಿನ್ ಆಫಾಯಿತು. ಸ್ಟಿಯರಿಂಗಿನ ಹಿಂದಿನ ಗಾಜಿಗೆ ಅತ್ತೆ ಅಂಟಿಸಿದ್ದ ಪ್ರಯಾಣಿಕರ ಸಂತ ಕ್ರಿಸ್ತೋಬಲನ ಪುಟ್ಟ ಚಿತ್ರವೂ ಕಳಚಿ ಅವನ ತೊಡೆಯ ಮೇಲೆ ಬಿತ್ತು. ಅದನ್ನು ಜೇಬಿಗೆ ಸೇರಿಸಿ, ಕಾರನ್ನು ಎಳೆಸಿಕೊಂಡು ಬಂದು ಮೊಂಚೊನ ಟೈರಿನಂಗಡಿಯ ಮುಂದೆ ಬಿಟ್ಟಿದ್ದ. ಎರಡೇ ಹೊಸದಾದರೆ ಅತ್ತೆಗೆ ಗೊತ್ತಾಗುತ್ತದೆಂದು ಬೆಳಿಗ್ಗೆ ನಾಲ್ಕನ್ನೂ ಹಾಕಿಸಿದ. ಹೊಸತೆಂದು ಗೊತ್ತಾಗಬಾರದೆಂದು ಮನೆಗೆ ಬಂದವನೇ ಹಿತ್ತಲಿನಿಂದ ಒಂದು ಬಕೆಟ್ ಕೆಸರು ಕಲಸಿ ತಂದು ನಾಲ್ಕಕ್ಕೂ ಬಳಿಯತೊಡಗಿದ.

"ಏನ್ ಮಾಡ್ತಿದ್ದೀಯೋ?" ಎದುರುಮನೆಯ ಬಾಲ್ಕನಿಯಿಂದ ಕ್ರುಸಿಟಾ ಕೂಗಿದಳು. ಬೆಳಗಿನ ಕಾಫಿಯಿಂದ ರಾತ್ರಿಯ ಟೀವಿ ಧಾರಾವಾಹಿಯವರೆಗೆ ಆಕೆಯ ವಾಸ ಅಲ್ಲೇ. "ಲೋಕದಲ್ಲಿ ಎಲ್ಲಾರೂ ಕಾರು ತೊಳೀತಾರೆ. ನೀನು ಕೊಳೆ ಮಾಡ್ತೀಯ?"

"ಮೆಲ್ಲಗೆ ಮಾತಾಡಿ ಕ್ರುಸಿಟಮ್ಮ, ನಿಮ್ ದಮ್ಮಯ್ಯ!"

ಮೆಲ್ಲಗೆ ಮಾತಾಡಿ ಅಂದದ್ದೇ ತಪ್ಪಾಯಿತು. ಗುಟ್ಟು ಇದೆ ಎಂದು ತಿಳಿದ ಮೇಲೆ ಕ್ರುಸಿಟಾ ಬಾಲ್ಕನಿಯಲ್ಲಿ ಉಳಿಯುವ ಹೆಂಗಸಲ್ಲ. ಮೆಟ್ಟಿಲಿಳಿದು ಬಂದಳು. ಪಕ್ಕದ ಮನೆಯ ನಿವೃತ್ತ ಬಸ್ ಚಾಲಕ ಉಲಿಸೆಸ್ ಗಾಳಿ ಅಳೆಯುವ ಕಡ್ಡಿ ಹಿಡಿದು ಬೇಲಿ ದಾಟಿ ಬಂದ. ಎಲಾದಿಯೊ ಎಲ್ಲವನ್ನೂ ಒಪ್ಪಿಸಿಬಿಟ್ಟ. ಹಂದಿಯ ವಿಷಯ ಬಂದಾಗ ಇಬ್ಬರೂ ಯಾವ ಅಂಗಡಿಯದು, ಚರ್ಮ ಹೇಗಿತ್ತು ಎಂದು ವಿಚಾರಿಸಿಕೊಂಡರು.

"ಈ ದೀಪ ಉರೀತಾ ಇದ್ರೆ ಅತ್ತೆ ಕೇಳ್ತಾಳೆ. ಕೇಳಿದ್ರೆ ಟೈರು ನೋಡ್ತಾಳೆ. ನೋಡಿದ್ರೆ ನನ್ನ ಕತೆ ಮುಗೀತು" ಎಂದು ಎಲಾದಿಯೊ ಹಣೆ ಒರೆಸಿಕೊಂಡ. ಒರೆಸಿದ ಕೈಯಲ್ಲಿದ್ದ ಕೆಸರೆಲ್ಲ ಹಣೆಗೆ ಬಂತು.

"ಇಷ್ಟಕ್ಕೆಲ್ಲ ಅಳ್ತಾರೇನೋ?" ಉಲಿಸೆಸ್ ಟೈರಿನ ಮುಂದೆ ಕುಕ್ಕರಗಾಲಲ್ಲಿ ಕೂತ. "ಗಾಳಿ ಜಾಸ್ತಿ ಆಗಿದೆ. ಮೂವತ್ತು ವರ್ಷ ಬಸ್ ಓಡ್ಸಿದೀನಿ, ನಂಗೊತ್ತಿಲ್ವಾ?" ಎಂದು ನಾಲ್ಕರಿಂದಲೂ ಬುಸ್ ಬುಸ್ ಎಂದು ಗಾಳಿ ಬಿಟ್ಟ. ದೀಪ ಹಾಗೇ ಇತ್ತು. "ಹಂಗಾದ್ರೆ ಕಮ್ಮಿ ಇತ್ತು" ಎಂದು ಮನೆಯಿಂದ ಪಂಪು ತಂದು ಮತ್ತೆ ತುಂಬಿದ. ದೀಪ ಕದಲಲಿಲ್ಲ.

"ನನ್ನ ಟೀವಿ ಹಟ ಮಾಡಿದ್ರೆ ಪ್ಲಗ್ ಕಿತ್ತು ಹಾಕ್ತೀನಿ, ಸರಿ ಹೋಗತ್ತೆ" ಅಂದಳು ಕ್ರುಸಿಟಾ. ಅದೂ ಸರಿಯೆನಿಸಿ ಉಲಿಸೆಸ್ ಬ್ಯಾಟರಿಯ ತಂತಿ ಬಿಚ್ಚಿ, ಹತ್ತು ಎಣಿಸಿ, ಮತ್ತೆ ಸಿಕ್ಕಿಸಿದ. ಸಿಕ್ಕಿಸಿದ್ದೇ ತಡ, ಕಾರು ಕಳ್ಳರು ಬಂದರೆಂದು ಬೀದಿಗೆಲ್ಲ ಕೇಳುವಂತೆ ಅರಚತೊಡಗಿತು. ನಾಯಿಗಳು ಬೊಗಳಿದವು, ಕಿಟಕಿಗಳು ತೆರೆದವು. ಕೀಲಿ ಹುಡುಕಿ ಅದರ ಬಾಯಿ ಮುಚ್ಚಿಸುವಷ್ಟರಲ್ಲಿ ಎಲಾದಿಯೊನ ಜೀವ ಅರ್ಧವಾಯಿತು. ದೀಪ ಮಾತ್ರ ಹೊಸ ಹುರುಪಿನಿಂದ ಉರಿಯುತ್ತಿತ್ತು.

"ಮುಚ್ಚಿಬಿಡೋ ಅತ್ಲಾಗೆ. ಆ ಸಂತನ ಚಿತ್ರ ಇದ್ಯಲ್ಲ, ಅದನ್ನೇ ಅದರ ಮೇಲೆ ಅಂಟ್ಸು" ಎಂದಳು ಕ್ರುಸಿಟಾ.

ಎಲಾದಿಯೊ ಜೇಬಿನಿಂದ ಸಂತನನ್ನು ತೆಗೆದು ದೀಪದ ಮೇಲೆ ಹಿಡಿದು ನೋಡಿದ. ಕಾಗದ ತೆಳು. ಸಂತನ ತಲೆಯ ಹಿಂದಿನಿಂದ ಹಳದಿ ಬೆಳಕು ಸೋರಿ, ಪಾಪ, ಅವನ ಕೂದಲಿಗೇ ಬೆಂಕಿ ಹತ್ತಿದ ಹಾಗೆ ಕಂಡಿತು.

"ಕುರುಡರಿಗೂ ಕಾಣತ್ತೆ. ಬೇಡಮ್ಮ, ಬೇಡ" ಎಂದು ಅದನ್ನು ಮತ್ತೆ ಜೇಬಿಗೆ ಹಾಕಿ, ಕಾರನ್ನು ಮೊಂಚೊನ ಅಂಗಡಿಗೆ ಓಡಿಸಿದ.

ಮೊಂಚೊ ಆಗಷ್ಟೇ ಕೈ ತೊಳೆದು ಅಲ್ಕಾಪುರಿಯಾ ಎಂಬ ಕರಿದ ಮಾಂಸದ ವಡೆಗೆ ಬಾಯಿ ಹಾಕಿದ್ದ. ಎಲಾದಿಯೊನ ಮುಖ ನೋಡಿ ಅದನ್ನು ಕೆಳಗಿಟ್ಟ. ಒಂದು ಪುಟ್ಟ ಯಂತ್ರವನ್ನು ಪ್ರತಿ ಚಕ್ರಕ್ಕೂ ಹಿಡಿದು ಸುತ್ತು ಬಂದು, ಹಿಂದಿನ ಎಡಚಕ್ರದ ಬಳಿ ನಿಂತ.

"ಇಲ್ಲಿದೆ ನೋಡು. ಚಕ್ರದೊಳಗೆ ಗಾಳಿ ಅಳೆಯೋ ಸೆನ್ಸರ್ ಇರತ್ತೆ, ಇದರದ್ದು ಸತ್ತಿದೆ. ಇವತ್ತು ನಿನ್ನೆ ಸತ್ತಿದ್ದಲ್ಲ, ಯಾವುದೋ ಕಾಲದಲ್ಲೇ ಹೋಗಿದೆ."

"ನೀನೇ ಕೊಂದಿದ್ದೀಯ! ಟೈರು ಕೀಳುವಾಗ ಸಬ್ಬಲ್ ತಗುಲ್ಸಿದ್ದೀಯ! ನಿನ್ನ ಕೈ ಬೀಳೋವರ್ಗೂ ನಮ್ಮತ್ತೆ ಕಾರಲ್ಲಿ ದೀಪ ಎಲ್ಲಿತ್ತು?"

"ನಮ್ಮವ್ವನಾಣೆ ಕಣೋ, ನಾನು ಮುಟ್ಟಿಲ್ಲ!"

"ನಿಮ್ಮವ್ವನ್ನ ಯಾಕೆ ಎಳೀತೀಯ, ಸೆನ್ಸರ್ ಹಾಕು!"

ಮೊಂಚೊಗೆ ನಿಜವಾಗಿಯೂ ನೋವಾಯಿತು. ಮುಖ ದಪ್ಪ ಮಾಡಿಕೊಂಡು ಟೈರು ಬಿಚ್ಚಿ ಹೊಸ ಸೆನ್ಸರ್ ಹಾಕಿದ. "ದೀಪ ಈಗ್ಲೇ ಆರಲ್ಲ. ಕಾರಿಗೆ ಹೊಸಬನ ಪರಿಚಯ ಆಗ್ಬೇಕು. ಎಲ್ಲೂ ನಿಲ್ಲಿಸ್ದೆ ಹೆದ್ದಾರಿಲಿ ಜೋರಾಗಿ ಓಡ್ಸು. ನಿಂತ್ಯೋ, ಮತ್ತೆ ಮೊದಲಿಂದ" ಎಂದ. ಅಲ್ಕಾಪುರಿಯಾ ಆಗಲೇ ತಣ್ಣಗಾಗಿತ್ತು.

ಹೆದ್ದಾರಿ ಹತ್ತಿದ ಎಲಾದಿಯೊಗೆ ಭಾನುವಾರದ ದೇವರು ಖಾಲಿ ರಸ್ತೆ ಕೊಟ್ಟ. ಆದರೆ ಕೊಟ್ಟದ್ದನ್ನು ಬಹಳ ಹೊತ್ತು ಕೊಡಲಿಲ್ಲ. ಸುಂಕದ ಗೇಟು ದಾಟಿ ಸ್ವಲ್ಪ ದೂರದಲ್ಲೇ ಬಾಳೆಕಾಯಿ ಲಾರಿಯೊಂದು ಮಗುಚಿಕೊಂಡಿತ್ತು. ಮುಂದೆ ಕಾರು, ಹಿಂದೆ ಕಾರು, ಪಕ್ಕದಲ್ಲಿ ಕಾರು. ಜನ ಇಳಿದು ಬಾಳೆಕಾಯಿ ಆರಿಸಿಕೊಳ್ಳುತ್ತಿದ್ದರು. ಎಲಾದಿಯೊನ ಕೈ ಸ್ಟಿಯರಿಂಗಿಗೆ ಅಂಟಿಹೋಗಿತ್ತು, ಕಣ್ಣು ದೀಪಕ್ಕೆ.

ಫೋನು ಬಂತು. ಯಾದಿರಾ.

"ರೀ, ಇಳಿದ್ವಿ. ಎಲ್ಲಿದ್ದೀರ?"

"ಹತ್ರಾನೇ ಇದ್ದೀನಿ."

"ಅಮ್ಮ ಬೇಗ ಬೇಗ ಅಂತಿದಾಳೆ. ವಿಮಾನದಲ್ಲಿ ದಾರಿಯುದ್ದಕ್ಕೂ ಕಾರಿಂದೇ ಮಾತು. ನಿಮಗೇ ಕೊಡ್ತಾಳೆ ಅನ್ಸತ್ತೆ ಕಣ್ರೀ!"

ಬೇರೆ ದಿನವಾಗಿದ್ದರೆ ಆ ಮಾತು ಕೇಳಿ ಕುಣಿದಾಡುತ್ತಿದ್ದ. ಈಗ ದೀಪವನ್ನೇ ನೋಡುತ್ತ ಬರೀ "ಹೂಂ" ಎಂದು ಫೋನಿಟ್ಟ. ದಾರಿ ತೆರೆದದ್ದೇ ಅವನು ಹಲ್ಲು ಕಚ್ಚಿ ಓಡಿಸಿದ. ವಿಮಾನ ನಿಲ್ದಾಣದ ತಿರುವು ಬಂತು, ದೀಪ ಉರಿಯುತ್ತಲೇ ಇತ್ತು. ತಿರುಗದೆ ಮುಂದೆ ಹೋದ. ಲೋಯಿಸಾ ಕಡೆಗೆ ಬಹಳ ದೂರ ಹೋಗಿ, ಸುತ್ತಿ, ಮತ್ತೆ ಬಂದ. ಫೋನು ಬಡಿದುಕೊಳ್ಳುತ್ತಿತ್ತು, ಅವನು ಎತ್ತಲಿಲ್ಲ. ಎರಡನೇ ಸಲ ತಿರುವು ಕಣ್ಣಿಗೆ ಬಿದ್ದಾಗ ಅವನು ಜೋರಾಗಿ ಹೇಳಿದ: "ಆರು ಮಾರಾಯ, ಆರು! ಇನ್ನೊಂದು ಸಲ ಹಂದಿ ಮುಟ್ಟಲ್ಲ, ಆಣೆ!"

ದೀಪ ಆರಿತು.

ಎಲಾದಿಯೊ ಕೂಗಿಕೊಂಡ. ಪಕ್ಕದ ಕಾರಿನವರು ತಿರುಗಿ ನೋಡಿದರು. ನಿಲ್ದಾಣದ ಮುಂದೆ ನಿಲ್ಲಿಸಿ, ಅವನು ಜೇಬಿನಿಂದ ಸಂತನನ್ನು ತೆಗೆದು ಮುತ್ತಿಟ್ಟು, ಗಾಜಿನ ಎಡಮೂಲೆಯಲ್ಲಿ ಮೊದಲಿದ್ದ ಜಾಗಕ್ಕೇ ಒತ್ತಿ ಅಂಟಿಸಿದ. ಈಗ ಎಲ್ಲವೂ ಅತ್ತೆ ಬಿಟ್ಟುಹೋದ ಹಾಗೇ ಇತ್ತು.

ಪ್ರೊವಿಡೆನ್ಸಿಯಾ ಬಂದಳು. ತಡವಾಯಿತೆಂದು ಬೈಯಲಿಲ್ಲ, ಸಾಮಾನು ಯಾದಿರಾಳಿಗೆ ಬಿಟ್ಟು ನೇರ ಮುಂದಿನ ಸೀಟಿಗೆ ಬಂದು ಕೂತಳು. ಕೂತವಳೇ ಮೈಯನ್ನೆಲ್ಲ ಸ್ಟಿಯರಿಂಗಿನ ಕಡೆ ಬಗ್ಗಿಸಿ ಸಂತನ ಚಿತ್ರವನ್ನು ನೋಡಿದಳು. ಕನ್ನಡಕ ಒರೆಸಿ ಮತ್ತೆ ನೋಡಿದಳು.

"ಫೆರ್ಮಿನ್ ಎಲ್ಲಿ?" ಎಂದಳು.

ಫೆರ್ಮಿನ್ ಅಂದರೆ ಎಲಾದಿಯೊನ ಮಾವ. ಸತ್ತು ಮೂರು ವರ್ಷವಾಗಿತ್ತು.

"ಅಮ್ಮಾ?" ಯಾದಿರಾ ಹಿಂದಿನ ಸೀಟಿನಿಂದ ಗಾಬರಿಯಾಗಿ ಕೇಳಿದಳು.

"ಯಾರಿಗೂ ಹೇಳಿರ್ಲಿಲ್ಲ ಮಗಳೇ" ಮುದುಕಿ ಚಿತ್ರದಿಂದ ಕಣ್ಣು ತೆಗೆಯದೆ ಹೇಳಿದಳು. "ನಿಮ್ಮಪ್ಪಂಗೆ ಒಂಬತ್ತು ರಾತ್ರಿ ಜಪಮಾಲೆ ಪ್ರಾರ್ಥನೆ ಮಾಡ್ಸಿದ್ವಲ್ಲ. ಕೊನೇ ರಾತ್ರಿ ಎಲ್ಲಾರೂ ಸೇರಿ ಮೇಣದಬತ್ತಿ ಆರಿಸ್ಬಿಟ್ರು, ಆತ್ಮ ಹೋಗ್ಬೇಕು ಅಂತ. ನಂಗೆ ಕಳಿಸೋಕೆ ಇಷ್ಟ ಇರ್ಲಿಲ್ಲ. ಮಾರನೇ ದಿನ ಸಮಾಧಿಗೆ ಹೋಗೋಣ ಅಂತ ಇದೇ ಕಾರು ಹತ್ತಿದ್ರೆ, ಇಲ್ಲಿ, ಈ ಮೂಲೇಲಿ, ಹಳದಿ ದೀಪ ತಾನಾಗೇ ಹತ್ಕೊಂಡಿತ್ತು. ಅಂದಿನಿಂದ ಒಂದಿನಾನೂ ಆರಿಲ್ಲ. ಅದರ ಮುಂದೆ ಸಂತನ್ನ ಇಟ್ಟು ದಿನಾ ಮಾತಾಡ್ತಿದ್ದೆ. ಈಗ ಹೋಗ್ಬಿಟ್ಟಿದ್ದಾನೆ."

ಎಲಾದಿಯೊಗೆ ಮೊಂಚೊನ ಮಾತು ನೆನಪಾಯಿತು. ಮೊಂಚೊನ ತಾಯಿಯೂ ನೆನಪಾದಳು. ಕಾರು ಓಡಿಸಿದ ಇಷ್ಟು ದಿನವೂ ಅವನು ಆ ಸಂತನ ಕಡೆ ಸರಿಯಾಗಿ ಕಣ್ಣು ಹಾಯಿಸಿಯೇ ಇರಲಿಲ್ಲ. ಬೆಳಗಿನಿಂದ ತಾನು ಬೆವರು ಸುರಿಸಿ ಆರಿಸಿದ್ದು ಏನನ್ನು ಎಂದು ಈಗ ತಿಳಿಯಿತು. ಪಕ್ಕದಲ್ಲಿ ಮುದುಕಿ ಕೈಚೌಕ ಬಾಯಿಗೊತ್ತಿಕೊಂಡು ಸದ್ದಿಲ್ಲದೆ ಅಳುತ್ತಿದ್ದಳು. ಅವನಿಗೆ ಕಾರಿನ ಆಸೆ ಒಂದು ಗಳಿಗೆ ಮರೆತೇಹೋಯಿತು, ನಾಚಿಕೆ ಮಾತ್ರ ಉಳಿಯಿತು.

"ಒಂದ್ನಿಮಿಷ ಅತ್ತೆ, ಟೈರು ನೋಡ್ಬಿಟ್ ಬರ್ತೀನಿ" ಎಂದು ಎಂಜಿನ್ ಆರಿಸದೆ ಇಳಿದ.

ಹಿಂದೆ ಹೋಗಿ, ಮೊಂಚೊ ಸೆನ್ಸರ್ ಹಾಕಿದ ಅದೇ ಚಕ್ರದ ಬಳಿ ಬಗ್ಗಿ, ಜೇಬಿನಲ್ಲಿದ್ದ ಮನೆಯ ಕೀಲಿಯ ತುದಿಯಿಂದ ಗಾಳಿ ಬಿಡತೊಡಗಿದ. ಪೊಲೀಸಿನವನು ಸೀಟಿ ಊದಿದ. "ಮುಂದಕ್ ತಗೊಳ್ರೀ ಗಾಡಿ!" ಎಲಾದಿಯೊ ಒಂದು ಕೈಯೆತ್ತಿ ಬೇಡಿಕೊಳ್ಳುತ್ತ, ಇನ್ನೊಂದು ಕೈಯಿಂದ ಒತ್ತಿಯೇ ಇದ್ದ. ಎರಡನೇ ಸೀಟಿ ಬಂತು. ಹೊಸ ಟೈರು ಮೆಲ್ಲಗೆ ಹೊಟ್ಟೆ ಇಳಿಸಿಕೊಂಡು ನೆಲಕ್ಕೆ ಒರಗಿತು.

ಕಾರಿನೊಳಗಿಂದ ಚೀತ್ಕಾರ ಕೇಳಿಸಿತು. "ಬಂದ! ಬಂದ! ಯಾದಿರಾ, ನೋಡೇ, ನಿಮ್ಮಪ್ಪ!"

ಎಲಾದಿಯೊ ಒಳಗೆ ಕೂತಾಗ ಸಂತನ ತಲೆಯ ಸುತ್ತ ಹಳದಿ ಪ್ರಭೆ ಹಬ್ಬಿತ್ತು. ಅತ್ತೆ ಅದನ್ನು ಬೆರಳಿನಿಂದ ಮುಟ್ಟಿ, ಬೆರಳಿಗೆ ಮುತ್ತಿಟ್ಟು, ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದಳು. ಅವನಿಗೂ ಕಣ್ಣು ತುಂಬಿತು. ಗಾಡಿ ಕುಂಟುತ್ತ ಹೊರಟಿತು.

ನಿಲ್ದಾಣದ ಗೇಟು ದಾಟಿದ ಮೇಲೆ ಅತ್ತೆ ಅವನ ತೋಳಿನ ಮೇಲೆ ಕೈಯಿಟ್ಟಳು.

"ಅಳಿಯಂದ್ರೇ, ಬೇಜಾರ್ ಮಾಡ್ಕೋಬೇಡಿ. ಈ ಕಾರು ನಿಮ್ಗೇ ಅಂತ ವಿಮಾನದಲ್ಲೇ ನಿರ್ಧಾರ ಮಾಡಿದ್ದೆ. ಆದ್ರೆ ನೀವೇ ಕಣ್ಣಾರೆ ನೋಡಿದ್ರಲ್ಲ? ನೀವೊಬ್ರೇ ಓಡ್ಸುವಾಗ ಫೆರ್ಮಿನ್ ಇರ್ಲಿಲ್ಲ. ನೀವು ಕೆಳಗಿಳಿದ್ರಿ, ಬಂದ. ಇದಕ್ಕಿಂತ ಬಿಡಿಸಿ ಇನ್ಹೆಂಗೆ ಹೇಳ್ತಾನೆ, ಪಾಪ? ಇದು ಎಡ್ಗಾರ್ಡೊಗೇ ಸೇರ್ಬೇಕು."

ಎಲಾದಿಯೊ ಬಾಯಿ ತೆರೆದ. ನಿಜ ಹೇಳಿದರೆ ಮುದುಕಿಯ ಫೆರ್ಮಿನ್ ಇನ್ನೊಂದು ಸಲ ಸಾಯುತ್ತಿದ್ದ. "ಆಗ್ಲಿ ಅತ್ತೆ" ಎಂದ.

"ಹಾಂ, ಇನ್ನೊಂದ್ ಮಾತು" ಎಂದಳು ಅತ್ತೆ, ಕಣ್ಣೊರೆಸಿಕೊಂಡು. "ಹತ್ತುವಾಗ ನೋಡ್ದೆ. ನನ್ನ ಮಂಜು ಕಣ್ಣಿಗೂ ಕಾಣತ್ತೆ, ಟೈರೆಲ್ಲ ಎಷ್ಟು ಹಳೇದಾಗಿ ಮಣ್ಣು ಹಿಡಿದಿದಾವೆ! ಕುಂಟ್ತಾನೂ ಇದೆ. ಎಡ್ಗಾರ್ಡೊ ಬರೋದ್ರೊಳಗೆ ನಾಲ್ಕೂ ಹೊಸದು ಹಾಕ್ಸಿಬಿಡಿ. ಭಾವ ಅಂತ ನಿಮ್ ಕಡೆಯಿಂದಾನೂ ಏನಾದ್ರೂ ಇರ್ಲಿ."