ಗೇಟಿನ ಹಲಗೆಯ ಮೇಲೆ ಡಾಲರ್ ರೇಟು

ಮಾಡಬಾರದ್ದನ್ನು ಮಾಡಿ ತಲೆ ತಗ್ಗಿಸಿ ನಿಲ್ಲುವುದು ನನಗೆ ಹೊಸದಲ್ಲ. ಪೀಣ್ಯದ ಕಾರ್ಖಾನೆಯಲ್ಲಿದ್ದಷ್ಟು ದಿನ ವಾರಕ್ಕೊಮ್ಮೆಯಾದರೂ ಆಗುತ್ತಿತ್ತು. ಆದರೆ ಡಾಲರ್ ಅರವತ್ತರ ಆಚೀಚೆ ಕುಣಿಯುತ್ತಿದ್ದ ಆ ದಿನಗಳನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

೧. ಒಳ್ಳೆ ದಿನ

ನಮ್ಮದು ವಾಲ್ವ್ ಮಾಡಿ ಹೊರದೇಶಕ್ಕೆ ಕಳಿಸುವ ಕಾರ್ಖಾನೆ. ದಿನಾ ಬೆಳಿಗ್ಗೆ ಪೇಪರ್ ನೋಡಿ ಗೇಟಿನ ಕರಿಹಲಗೆಯ ಮೇಲೆ ಡಾಲರ್ ರೇಟು ಬರೆಯುವುದು ಸ್ಟೋರ್ಸ್ ಕ್ಲರ್ಕ್ ಆದ ನನ್ನ ಕೆಲಸ. ಓನರ್ ಬ್ಯಾಂಕಿನವರಿಗಿಂತ ಆ ಹಲಗೆಯನ್ನೇ ಹೆಚ್ಚು ನಂಬುತ್ತಿದ್ದರು.

ಲೇತ್ ಮೇಸ್ತ್ರಿಯ ಮಗಳು ಡಿಪ್ಲೊಮಾ ಮುಗಿಸಿದ್ದಳು. ನಮ್ಮ ಡ್ರಾಯಿಂಗ್ ಸೆಕ್ಷನ್ನಿನಲ್ಲಿ ಒಂದು ಟ್ರೈನಿ ಸೀಟು ಖಾಲಿಯಿತ್ತು. ಇಪ್ಪತ್ತು ವರ್ಷ ಏನನ್ನೂ ಕೇಳದ ಮೇಸ್ತ್ರಿಗೆ ಈಗ ಕೇಳುವುದಕ್ಕೆ ಬಾಯಿ ಬರುತ್ತಿರಲಿಲ್ಲ.

"ಓನರ್ ಮೂಡ್ ಯಾವಾಗ ಚೆನ್ನಾಗಿರುತ್ತೆ ಸಾರ್?"

"ಬೋರ್ಡ್ ನೋಡ್ಕೊಳ್ಳಿ ಮೇಸ್ತ್ರಿ. ಡಾಲರ್ ಏರಿದ್ರೆ ನಮಗೆ ಬರೋ ರೂಪಾಯಿ ಜಾಸ್ತಿ. ಅವತ್ತು ಕೇಳಿ."

"ರೂಪಾಯಿ ಬಿತ್ತು ಅಂತ ಟೀವೀಲಿ ಅಳ್ತಾರಲ್ಲ?"

"ಅವರು ಅಳ್ಲಿ ಬಿಡಿ. ನಮ್ಮ ಗೇಟೊಳಗೆ ನಗೋದು."

ಅರ್ಥಶಾಸ್ತ್ರ ನನಗೆ ಗೊತ್ತಿದ್ದದ್ದು ಅಷ್ಟೇ, ಅದನ್ನೂ ಪೂರ್ತಿ ಹೇಳಿಕೊಟ್ಟುಬಿಟ್ಟಿದ್ದೆ.

೨. ಕನ್ನಡಕ

ನನ್ನ ಪಾಠ ಕ್ಯಾಂಟೀನ್ ಅಕ್ಕನ ಕಿವಿಗೂ ಬಿತ್ತು. ಡಾಲರ್ ಏರಿದ ವಾರವೇ ಟೀ ಒಂದು ರೂಪಾಯಿ ಏರಿತು.

"ಡೀಸೆಲ್ಲು, ಗ್ಯಾಸು ಎಲ್ಲಾ ಹೊರಗಿಂದ ತಾನೇ ಬರೋದು ಸಾರ್?" ಅಂದರು. ಮಾತು ಸರಿಯಾಗಿತ್ತು.

ಡಾಲರ್ ಇಳಿದ ಮೇಲೆ ನಾನು ಹೋಗಿ, "ಅಕ್ಕ, ಬೋರ್ಡ್ ನೋಡಿದ್ರಾ? ಟೀ ಇಳಿಸಿ" ಅಂದೆ.

"ಇಳಿದ ದಿನ ನನ್ನ ಕನ್ನಡಕ ಮನೇಲಿರುತ್ತೆ ಸಾರ್."

ಎಲ್ಲರೂ ನನ್ನನ್ನೇ ಬೈದುಕೊಂಡು ಟೀ ಕುಡಿದರು.

೩. ಸೀಮೆಸುಣ್ಣ

ಮೇಸ್ತ್ರಿ ಮಾತ್ರ ದಿನಾ ಹಲಗೆಯ ಮುಂದೆ ನಿಂತು, "ಇನ್ನೊಂಚೂರು ಏರ್ಲಿ" ಎಂದು ವಾಪಸ್ ಹೋಗುತ್ತಿದ್ದರು. ನನಗೆ ಕೈ ತುರಿಸಿತು. ಒಂದು ದಿನ ಪೇಪರಿನಲ್ಲಿ ಅರವತ್ತೊಂದು ಇತ್ತು, ನಾನು ಅರವತ್ಮೂರು ಬರೆದೆ. ಸರಿ, ನಿಜ ಹೇಳಿಬಿಡುತ್ತೇನೆ, ಅರವತ್ತೈದೇ ಬರೆದೆ.

ಮೇಸ್ತ್ರಿ ಕೈ ತೊಳೆದು, ತಲೆ ಬಾಚಿಕೊಂಡು ಒಳಗೆ ಹೋದರು. ನಾನು ಸ್ಟೋರ್ಸಿನ ಜಾಲರಿಯ ಹಿಂದೆ ನಗು ತಡೆದುಕೊಂಡು ನಿಂತೆ. ಎರಡೇ ನಿಮಿಷಕ್ಕೆ ಅವರು ಹೊರಗೆ ಬಂದರು.

"ಯಾರನ್ನೂ ತಗೊಳ್ಳಲ್ವಂತೆ. ನಾನು ಕೇಳಿದ ರೀತಿ ಸರಿಯಿರ್ಲಿಲ್ವೇನೋ ಸಾರ್."

ಆಗ ನೆನಪಾಯಿತು. ಓನರ್ ತೈವಾನಿನಿಂದ ಹೊಸ ಮಷೀನ್ ತರಿಸುತ್ತಿದ್ದರು. ಆ ವಾರವೇ ಡಾಲರಿನಲ್ಲಿ ದುಡ್ಡು ಕಟ್ಟಬೇಕು. ಡಾಲರ್ ಏರಿದಷ್ಟೂ ಅವರಿಗೆ ನಷ್ಟ. ಅದರ ಕಾಗದ ಫೈಲ್ ಮಾಡಿದ್ದ ಬುದ್ಧಿವಂತ ನಾನೇ.

೪. ತಪ್ಪೊಪ್ಪಿಗೆ

ನಾನು ಒಳಗೆ ಹೋದಾಗ ಓನರ್ ತಲೆ ಹಿಡಿದುಕೊಂಡು ಕೂತಿದ್ದರು.

"ಸಾರ್, ರೇಟು ಅರವತ್ತೊಂದೇ. ತಮಾಷೆಗೆ ಬರೆದೆ."

"ಮಷೀನೇ ಬೇಡ ಅಂತ ಫೋನ್ ಮಾಡೋಕೆ ಕೂತಿದ್ದೆ ಕಣಯ್ಯಾ."

ಮೇಸ್ತ್ರಿಯ ವಿಷಯವನ್ನೂ ಹೇಳಿದೆ. ಕೈ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಅವರು ಐದು ನಿಮಿಷ ನನ್ನನ್ನು ಹಾಗೇ ನಿಲ್ಲಿಸಿದರು.

"ಆ ಹುಡುಗಿ ಸೋಮವಾರದಿಂದ ಬರ್ಲಿ. ನಾನು ಮೊದಲು ಯಾಕೆ ಇಲ್ಲ ಅಂದೆ ಅಂತ ಎಲ್ಲರ ಮುಂದೆ ನೀನೇ ಹೇಳು."

ಲೇತ್‌ಗಳನ್ನೆಲ್ಲ ನಿಲ್ಲಿಸಿ ಹೇಳಿದೆ. ಮೇಸ್ತ್ರಿ ಕೈಯ ಎಣ್ಣೆ ಒರೆಸಿಕೊಳ್ಳುತ್ತಾ ಕೇಳಿಸಿಕೊಂಡರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಹಂಗಾದ್ರೆ ಡಾಲರ್ ಏರಿದ್ರೆ ಕೆಟ್ಟದ್ದಾ ಸಾರ್?"

"ಈ ವಾರ ಕೆಟ್ಟದ್ದು ಮೇಸ್ತ್ರಿ. ಮಷೀನಿಗೆ ದುಡ್ಡು ಕಟ್ಟಿದ ಮೇಲೆ ಮತ್ತೆ ಒಳ್ಳೇದು."

ಅವರು ಒರೆಸಿಕೊಂಡ ಬಟ್ಟೆಯನ್ನು ಲೇತ್ ಮೇಲಿಟ್ಟರು.

"ಒಂದು ಕೆಲಸ ಮಾಡಿ ಸಾರ್. ನಾಳೆಯಿಂದ ಬೋರ್ಡ್ ಮೇಲೆ ಓನರ್ ಮುಖ ಹೆಂಗಿದೆ ಅಂತ ಬರೀರಿ. ರೇಟು ನಾವೇ ಪೇಪರಲ್ಲಿ ನೋಡ್ಕೋತೀವಿ."